ಬೆನ್ನಿಗಂಟಿಸುವ ಔಷಧ

ಬೆಂಗಳೂರಿನ ಜಯನಗರ, ಬನಶಂಕರಿಗಳ ಎಷ್ಟೋ ಮನೆಗಳಲ್ಲಿ, ಮಕ್ಕಳು ದೂರದೇಶಗಳಲ್ಲಿ ನೆಲೆಸಿರುವುದರಿಂದ, ವೃದ್ಧ ದಂಪತಿಗಳು ಒಬ್ಬರಿಗೊಬ್ಬರು ಶುಶ್ರೂಷಕರಾಗಿ ಬಾಳುತ್ತಿರುವರು. ಆಲ್ಜೈಮರ್ ರೋಗದಿಂದ ಸ್ಮೃತಿ ಕುಂದಿದ ಪತ್ನಿಗೆ ವೈದ್ಯರು ರಿವಾಸ್ಟಿಗ್ಮಿನ್ ಎಂಬ ಔಷಧದ ಪ್ಯಾಚನ್ನು ಬರೆದುಕೊಟ್ಟರೆ, ಅದನ್ನು ದಿನಕ್ಕೊಂದರಂತೆ, ಆಕೆ ಕಿತ್ತುಹಾಕಲಾಗದ ಬೆನ್ನಿನ ಭಾಗದಲ್ಲಿ, ಪ್ರತಿಸಲವೂ ಸ್ಥಳ ಬದಲಿಸಿ ಅಂಟಿಸುವ ಹೊಣೆ ವಯೋವೃದ್ಧನಾದ ಪತಿಯ ಮೇಲೆ ಬೀಳುವುದು. ಈ ಕಾರ್ಯಕ್ಕೊದಗುವ ಪುಟ್ಟ ಉಪಕರಣವೊಂದನ್ನು ರಚಿಸಹೊರಟವರು ಚರ್ಮದ ಸ್ವಭಾವವನ್ನೂ ಬೆರಳಿನ ಸ್ವಭಾವವನ್ನೂ ಸಮವಾಗಿ ಅರಿತಿರಬೇಕು.

ಚರ್ಮದ ಹೊರಪದರದ ದಪ್ಪ 10ರಿಂದ 20 ಮೈಕ್ರೋಮೀಟರ್ ಮಾತ್ರ. ಆದರೂ ಅದನ್ನು ಭೇದಿಸಿ ರಕ್ತವನ್ನು ಸೇರಬಲ್ಲವು ಕೊಬ್ಬಿನಲ್ಲಿ ಕರಗುವ, ಅಣುಗಾತ್ರದಲ್ಲಿ ಕಿರಿದಾದ ಕೆಲವೇ ಔಷಧಗಳು. ಇಂಥ ಮೊದಲ ಪ್ಯಾಚಿಗೆ ಅಮೆರಿಕದಲ್ಲಿ ಸಮ್ಮತಿ ದೊರೆತದ್ದು 1979ರಲ್ಲಿ. ಪ್ರಯಾಣದ ವಾಕರಿಕೆಗೆಂದು ಕಿವಿಯ ಹಿಂದೆ ಅಂಟಿಸುವ ಸ್ಕೋಪೊಲಮೀನ್ ಅದು. ಪ್ಯಾಚಿನ ಅಂಟು ಒತ್ತಿದಾಗಲೇ ಚರ್ಮದ ಸೂಕ್ಷ್ಮವಾದ ಏರುತಗ್ಗುಗಳೊಳಕ್ಕೆ ಹರಿದು ನೆಲೆಗೊಳ್ಳುವುದಾದ್ದರಿಂದ, ಅಂಗೈಯಿಂದ 30 ಸೆಕೆಂಡುಗಳ ಕಾಲ ಗಟ್ಟಿಯಾಗಿ ಅದುಮಬೇಕೆಂಬುದು ವಿಧಿ. ಮೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವ ನಮ್ಮಲ್ಲಂತೂ ಆ ಜಾಗವನ್ನು ತೊಳೆದು ಒಣಗಿಸದೆ ಅಂಟಿಸಿದ ಪ್ಯಾಚು ಸಂಜೆಯೊಳಗೆ ಅಂಚೆದ್ದು ಬಂದೀತು.

ಒತ್ತುವ ಕೆಲಸ ಸ್ಪ್ರಿಂಗಿಗೂ ಸಾಧ್ಯ, ಕಷ್ಟವಿರುವುದು ಅಂಟಿನ ಮೇಲಿನ ಹೊದಿಕೆಯನ್ನು ಸುಲಿಯುವುದರಲ್ಲಿ. ರಟ್ಟಿನಿಂದಲೋ ತ್ರಿವಿಮ ಮುದ್ರಣದಿಂದಲೋ ಮಾಡಿದ ಉಪಕರಣದ ಮೂಲಮಾದರಿಯನ್ನೂ ಔಷಧವಿಲ್ಲದ ಪ್ಯಾಚುಗಳನ್ನೂ ಹಿರಿಯರ ಕೈಗಿತ್ತು, ಸಲಹೆಯ ಒಂದು ನುಡಿಯನ್ನೂ ಆಡದೆ ನೋಡುತ್ತಿರುವುದೇ ಪರೀಕ್ಷಕನ ಧರ್ಮ. ಸಂಧಿವಾತದಿಂದ ಬಿಗಿದ, ತುದಿಯಲ್ಲಿ ತೇವವಿಲ್ಲದ ಬೆರಳು ಹೊದಿಕೆಯ ಸೀಳನ್ನು ಹುಡುಕುತ್ತ ಜಾರುವುದು, ಉಗುರು ಮೂಲೆಯನ್ನೆತ್ತುವಷ್ಟರಲ್ಲಿ ಪ್ಯಾಚು ಮಡಿಸಿಕೊಂಡು ತನಗೆ ತಾನೇ ಅಂಟಿಹೋಗುವುದು, ಇವು ಪ್ರಶ್ನಾವಳಿಯಲ್ಲಿ ಎಂದೂ ಕಾಣಿಸವು. ಕೇಳಿದರೆ ಹಿರಿಯರು ಸೌಜನ್ಯದಿಂದ ಎಲ್ಲವೂ ಚೆನ್ನಾಗಿದೆಯೆಂದೇ ಹೇಳುವರು. ಜಯನಗರ ನಾಲ್ಕನೆಯ ಬ್ಲಾಕಿನ ಅಂಗಡಿಗಳಲ್ಲಿ ಸರಕಿಗೆ ಬೆಲೆಚೀಟಿ ಒತ್ತುವ ಕೈಯಂತ್ರದಲ್ಲಿ, ಕೆಳಗಿನ ಕಾಗದವು ಚೂಪಾದ ಅಂಚೊಂದನ್ನು ಬಳಸಿ ಹಿಂದಕ್ಕೆ ತಿರುಗಲು, ಚೀಟಿ ಮಾತ್ರ ನೇರವಾಗಿ ಮುಂದೆ ಚಾಚಿಕೊಳ್ಳುವಂತೆ, ಇಲ್ಲಿಯೂ ಹೊದಿಕೆಯನ್ನು ಬೆರಳಿನ ಹಂಗಿಲ್ಲದೆ ಸುಲಿಯಬಹುದು.

ಇದಕ್ಕಿಂತ ಗಂಭೀರವಾದ ಪ್ರಮಾದ ಇನ್ನೊಂದುಂಟು: ನಿನ್ನೆಯ ಪ್ಯಾಚನ್ನು ತೆಗೆಯದೆಯೇ ಇಂದಿನದನ್ನು ಅಂಟಿಸುವುದು. ಹೀಗೆ ರಿವಾಸ್ಟಿಗ್ಮಿನ್ ಮಿತಿಮೀರಿ ತೀವ್ರ ವಾಂತಿಯಿಂದ ಹಿಡಿದು ಪ್ರಾಣಾಪಾಯದವರೆಗೂ ಸಂಭವಿಸಿದೆ. ಅರ್ಧಗಂಟೆಯ ಪರೀಕ್ಷೆಯಲ್ಲಿ ಈ ಮರೆವು ಬೆಳಕಿಗೆ ಬಾರದು. ನೀತಿಸಮಿತಿಯ ಅನುಮತಿ ಪಡೆದು, ಹಲವು ವಾರ ಉಪಕರಣವನ್ನು ಮನೆಗಳಲ್ಲೇ ಬಿಟ್ಟು, ಹಳೆಯ ಪ್ಯಾಚನ್ನು ತನ್ನೊಳಗೆ ಹಿಂಪಡೆಯದೆ ಹೊಸದನ್ನು ಹೊರಗೆ ಬಿಡದಂಥ ರಚನೆ ನಿಜವಾಗಿಯೂ ಕಾಯುವುದೇ, ಅಥವಾ ಬೇಸತ್ತವರು ಅದನ್ನು ಬದಿಗಿಟ್ಟು ಕೈಯಿಂದಲೇ ಅಂಟಿಸತೊಡಗುವರೇ ಎಂಬುದನ್ನು ನೋಡಬೇಕು.