ವೆಲ್ಡಿಂಗ್ ಸರ್ಟಿಫಿಕೇಟು: ಹಣ ಕಟ್ಟುವ ಮೊದಲು ತಿಳಿಯಬೇಕಾದ್ದು

ಕಳೆದ ಕೊಯ್ಲಿನಲ್ಲಿ ನಮ್ಮ ಮನೆಯ ಅಡಿಕೆ ಬೇಯಿಸುವ ಹಂಡೆಯ ಕಬ್ಬಿಣದ ಸ್ಟ್ಯಾಂಡು ಒಂದು ಕಾಲು ಕಳಚಿ ವಾಲಿತು. ಕುದಿಯುವ ಚೊಗರು ಒಲೆಯ ಮುಂದೆಲ್ಲ ಚೆಲ್ಲಿತು. ಬೆಂಕಿ ಮಾಡುತ್ತಿದ್ದ ಹುಡುಗ ಅದೇ ತಾನೆ ಸೌದೆ ತರಲು ಎದ್ದು ಹೋಗಿದ್ದರಿಂದ ಉಳಿದುಕೊಂಡ. ಮುರಿದ ಜಾಗವನ್ನು ತಿರುಗಿಸಿ ನೋಡಿದೆ. ಮೇಲೆ ಬೆಸುಗೆ ಜಡೆ ಹೆಣೆದಂತೆ ಅಂದವಾಗಿತ್ತು; ಒಳಗೆ ಕಬ್ಬಿಣಕ್ಕೆ ಕಬ್ಬಿಣ ಹಿಡಿದೇ ಇರಲಿಲ್ಲ.

ಇದನ್ನು ಹೇಳಲು ಕಾರಣವಿದೆ. ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಹಲವರು, "ಮಗ ಬೆಂಗಳೂರಿಗೆ ಹೋಗಿ ವೆಲ್ಡಿಂಗ್ ಕಲಿಯುತ್ತೇನೆ ಎನ್ನುತ್ತಾನೆ, ಹಣ ಕಟ್ಟಬಹುದೇ?" ಎಂದು ಕೇಳುತ್ತಿದ್ದಾರೆ. ಎರಡೆಕರೆ ತೋಟ ಮೂವರು ಮಕ್ಕಳಿಗೆ ಹಂಚಿಕೆಯಾಗುವ ಮನೆಗಳಲ್ಲಿ ಇದು ಹಗುರವಾದ ಪ್ರಶ್ನೆಯಲ್ಲ. ನಾನು ತಿಳಿದುಕೊಂಡದ್ದನ್ನು ಎಲ್ಲರಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಬೆಸುಗೆ ಎಂದರೇನು?

ವೆಲ್ಡಿಂಗ್ ಎಂದರೆ ಅಂಟಿಸುವುದಲ್ಲ. ಎರಡು ತುಂಡುಗಳ ಅಂಚು ಕರಗಿ, ರಾಡಿನ ಲೋಹದೊಡನೆ ಬೆರೆತು, ಒಂದೇ ತುಂಡಾಗಿ ಗಟ್ಟಿಯಾಗಬೇಕು. ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಕರೆಂಟು ಕಡಿಮೆಯಾದರೆ ರಾಡು ಮಾತ್ರ ಕರಗಿ ಮೇಲೆ ಕೂರುತ್ತದೆ. ನಮ್ಮ ಹಂಡೆಯ ಸ್ಟ್ಯಾಂಡಿಗೆ ಆದದ್ದು ಇದೇ. ಹೆಚ್ಚಾದರೆ ಅಂಚು ತಿಂದುಹೋಗುತ್ತದೆ. 3.15 ಮಿ.ಮೀ. ಸಾಮಾನ್ಯ ರಾಡಿಗೆ ಸುಮಾರು 100ರಿಂದ 130 ಆಂಪಿಯರ್ ಬೇಕಾಗುತ್ತದೆ. ಅದನ್ನು ತಗಡಿನ ದಪ್ಪ ನೋಡಿ ಹೊಂದಿಸುವುದು, ರಾಡನ್ನು ಸರಿಯಾದ ದೂರ ಮತ್ತು ವೇಗದಲ್ಲಿ ನಡೆಸುವುದು ಕೈಗೆ ಬರಲು ತಿಂಗಳುಗಟ್ಟಲೆ ಅಭ್ಯಾಸ ಬೇಕು.

ಎರಡು ಬಗೆಯ ಕಾಗದ

ಸರ್ಟಿಫಿಕೇಟು ಎಂದರೆ ಎಲ್ಲವೂ ಒಂದೇ ಅಲ್ಲ. ಮೊದಲನೆಯದು ಐ.ಟಿ.ಐ.ಯ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟು. ಅಮೆರಿಕದಲ್ಲಿ ಊರಿನ ಕಮ್ಯುನಿಟಿ ಕಾಲೇಜು ಮಾಡುವ ಕೆಲಸವನ್ನು ನಮ್ಮಲ್ಲಿ ಐ.ಟಿ.ಐ.ಗಳು ಮಾಡುತ್ತವೆ. ಕೇಂದ್ರ ಸರ್ಕಾರ 1950ರಲ್ಲಿ ಆರಂಭಿಸಿದ ಕುಶಲಕರ್ಮಿ ತರಬೇತಿ ಯೋಜನೆ ಇದರ ಮೂಲ. ವೆಲ್ಡರ್ ಟ್ರೇಡು ಒಂದು ವರ್ಷದ್ದು. ಎಂಟನೆಯ ತರಗತಿ ಪಾಸಾದವರಿಗೂ ಪ್ರವೇಶವುಂಟು, ಹೆಣ್ಣುಮಕ್ಕಳಿಗೂ ಉಂಟು. ಆರ್ಕ್, ಗ್ಯಾಸ್, ಮಿಗ್, ಟಿಗ್ ಎಲ್ಲವನ್ನೂ ಕಲಿಸಿ, ಕೊನೆಯಲ್ಲಿ ಅಖಿಲ ಭಾರತ ಮಟ್ಟದ ಪರೀಕ್ಷೆ ನಡೆಸುತ್ತಾರೆ.

ಎರಡನೆಯದು ಕೈಕೆಲಸದ ಅರ್ಹತಾ ಪರೀಕ್ಷೆ. ಬಾಯ್ಲರು, ಒತ್ತಡದ ಪೈಪುಗಳ ಕೆಲಸಕ್ಕೆ ಇದು ಬೇಕು. ವೆಲ್ಡರು ಒಂದು ಮಾದರಿ ತುಂಡನ್ನು ಬೆಸೆದು ಕೊಡಬೇಕು. ಅದನ್ನು ಪಟ್ಟಿಯಾಗಿ ಕೊಯ್ದು ಲಾಳದಂತೆ ಬಗ್ಗಿಸುತ್ತಾರೆ, ಇಲ್ಲವೇ ಎಕ್ಸ್‌ರೇ ತೆಗೆಯುತ್ತಾರೆ. ಒಳಗೆ ಹಿಡಿಯದ ಬೆಸುಗೆ ಅಲ್ಲೇ ಬಾಯಿ ಬಿಡುತ್ತದೆ. ಈ ಪರೀಕ್ಷೆಯಲ್ಲಿ ಭಂಗಿಗೆ ತಕ್ಕ ಹೆಸರುಗಳಿವೆ: ಸಮತಟ್ಟಾದದ್ದು 1ಜಿ, ಅಡ್ಡ 2ಜಿ, ನೆಟ್ಟಗೆ 3ಜಿ, ತಲೆಯ ಮೇಲೆ 4ಜಿ. 45 ಡಿಗ್ರಿ ಓರೆಯಾಗಿ ನಿಲ್ಲಿಸಿದ ಪೈಪನ್ನು ಸುತ್ತ ಬೆಸೆಯುವುದು 6ಜಿ, ಅದು ಕಠಿಣವಾದದ್ದು. ಬಹಳ ಕಡೆ ಅನುಸರಿಸುವ ಎ.ಎಸ್.ಎಂ.ಇ. ನಿಯಮದಂತೆ, ಆ ವಿಧಾನದಲ್ಲಿ ಆರು ತಿಂಗಳು ಕೆಲಸ ಮಾಡದಿದ್ದರೆ ಅರ್ಹತೆ ಕಳೆದುಹೋಗುತ್ತದೆ. ಗೋಡೆಗೆ ತೂಗುಹಾಕಿದ ಹಳೆಯ 6ಜಿ ಕಾಗದದಿಂದ ಪ್ರಯೋಜನವಿಲ್ಲ.

ಕೆಲವೇ ವಾರಗಳ ಶಿಬಿರ ನಡೆಸಿ ಕೊಡುವ ಕಾಗದ ಈ ಎರಡರಲ್ಲಿ ಯಾವುದೂ ಅಲ್ಲದಿರಬಹುದು. ಕೇಳಿ ತಿಳಿಯಿರಿ.

ಎಲ್ಲಿ ಕಲಿಯಬೇಕು?

ನನ್ನ ಸಲಹೆ ಇದು: ಕಲಿಕೆ ಹತ್ತಿರದಲ್ಲಿ, ಪಳಗುವುದು ಬೆಂಗಳೂರಿನಲ್ಲಿ. ಒಂದು ವರ್ಷದ ಓದಿಗೆ ತಾಲ್ಲೂಕು ಅಥವಾ ಜಿಲ್ಲೆಯ ಸರ್ಕಾರಿ ಐ.ಟಿ.ಐ. ಸಾಕು, ಮನೆಯೂಟ, ಕಡಿಮೆ ಶುಲ್ಕ. ಅದಾದ ಮೇಲೆ 1961ರ ಅಪ್ರೆಂಟಿಸ್ ಕಾಯಿದೆಯಂತೆ ಕಾರ್ಖಾನೆಯಲ್ಲಿ ತರಬೇತಿಗೆ ಸೇರಬಹುದು. ಅಲ್ಲಿ ನಾವು ಹಣ ಕಟ್ಟುವುದಲ್ಲ. ಕಾರ್ಖಾನೆಯವರೇ ಹುಡುಗನಿಗೆ ಭತ್ಯೆ ಕೊಡಬೇಕು.

ಇದಕ್ಕೆ ಬೆಂಗಳೂರಿನ ಉತ್ತರ ಭಾಗ ನಮ್ಮವರಿಗೆ ಅನುಕೂಲ. ಶಿವಮೊಗ್ಗ, ಹಾಸನದ ಕಡೆಯ ರೈಲುಗಳು ಯಶವಂತಪುರದಲ್ಲಿ ನಿಲ್ಲುತ್ತವೆ. ತುಮಕೂರು ರಸ್ತೆಯ ಬಸ್ಸುಗಳು ಪೀಣ್ಯದ ಮುಂದೆಯೇ ಹಾದುಹೋಗುತ್ತವೆ. 1970ರ ದಶಕದಿಂದ ಬೆಳೆದ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಸಾವಿರಾರು ಸಣ್ಣ ಕಾರ್ಖಾನೆಗಳಿವೆ. ಐ.ಟಿ.ಐ. ಬೋಧಕರನ್ನೇ ತಯಾರುಮಾಡುವ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆ, ಹಿಂದಿನ ಫೋರ್‌ಮನ್ ತರಬೇತಿ ಸಂಸ್ಥೆ, ಇರುವುದೂ ತುಮಕೂರು ರಸ್ತೆಯಲ್ಲೇ.

ಸೇರುವ ಮೊದಲು ಕೇಳಬೇಕಾದ್ದು

1. ಕೊಡುವ ಕಾಗದದ ಹೆಸರೇನು? ಐ.ಟಿ.ಐ. ಆದರೆ ವೆಲ್ಡರ್ ಟ್ರೇಡಿಗೆ ಕೇಂದ್ರದ ಮಾನ್ಯತೆ ಇದೆಯೇ?
2. ಎಷ್ಟು ಹುಡುಗರಿಗೆ ಎಷ್ಟು ಯಂತ್ರ? ದಿನಕ್ಕೆ ಎಷ್ಟು ಗಂಟೆ ರಾಡು ಕೈಯಲ್ಲಿರುತ್ತದೆ?
3. ಅಭ್ಯಾಸದ ರಾಡು, ತಗಡಿನ ಖರ್ಚು ಶುಲ್ಕದಲ್ಲಿ ಸೇರಿದೆಯೇ?
4. ಬೆಸೆದದ್ದನ್ನು ಮುರಿದು ನೋಡಿ ತಪ್ಪು ತೋರಿಸುತ್ತಾರೆಯೇ?

ನಾಲ್ಕನೆಯ ಪ್ರಶ್ನೆಯೇ ಮುಖ್ಯವಾದದ್ದು. ಮುರಿದು ನೋಡದ ಶಾಲೆಯಲ್ಲಿ ಕಲಿತವನು ಮೇಲಿನ ಅಂದವನ್ನಷ್ಟೇ ಕಲಿಯುತ್ತಾನೆ.

ಮಕ್ಕಳಿಗೆ ಹೇಳಬೇಕಾದ್ದು

ಮುಖಕವಚವಿಲ್ಲದೆ ಆರ್ಕ್ ನೋಡಬಾರದು. ಆ ರಾತ್ರಿ ಕಣ್ಣಿಗೆ ಮರಳು ತುಂಬಿದಂತಾಗುತ್ತದೆ. ಸತುವಿನ ಲೇಪದ ಜಿ.ಐ. ಪೈಪು ಬೆಸೆಯುವಾಗ ಬರುವ ಹೊಗೆ ಚಳಿಜ್ವರ ತರುತ್ತದೆ. ಲೇಪ ಉಜ್ಜಿ ತೆಗೆದು, ಗಾಳಿಯಾಡುವ ಜಾಗದಲ್ಲಿ ಮಾಡಬೇಕು. ಕಪ್ಪು ಬಣ್ಣದ ಆಕ್ಸಿಜನ್ ಸಿಲಿಂಡರಿಗೆ ಎಣ್ಣೆ, ಗ್ರೀಸು ತಾಗಿಸಬಾರದು. ಅಸಿಟಿಲೀನ್ ಸಿಲಿಂಡರನ್ನು ಮಲಗಿಸಬಾರದು.

ಇನ್ನೊಂದು ಮಾತು ನಮ್ಮ ಮಲೆನಾಡಿನದು. ಮಳೆಗಾಲದಲ್ಲಿ ರಾಡಿನ ಮೇಲಿನ ಲೇಪ ತೇವ ಎಳೆಯುತ್ತದೆ. ಬೆಸುಗೆಯಲ್ಲಿ ಗುಳ್ಳೆ, ಬಿರುಕು ಬರುತ್ತದೆ. ಊರಲ್ಲೇ ಅಂಗಡಿ ಇಡುವವನು ರಾಡನ್ನು ನಾವು ಕಾಫಿ ಬೀಜ ಕಾಯುವಷ್ಟೇ ಜೋಪಾನವಾಗಿ ಒಣಗಿಸಿ ಇಟ್ಟುಕೊಳ್ಳಬೇಕು.

ಪಲ್ಪರು, ಪಂಪುಸೆಟ್ಟು, ಸ್ಪ್ರೇಯರು, ಗೇಟು: ನಮ್ಮ ಊರುಗಳಲ್ಲಿ ಕೆಲಸಕ್ಕೇನೂ ಕೊರತೆಯಿಲ್ಲ. ಕೊರತೆಯಿರುವುದು ಸರಿಯಾಗಿ ಕಲಿತ ಕೈಗಳದ್ದು. ಮಗ ಪೀಣ್ಯದಲ್ಲೇ ಉಳಿಯಲಿ, ಮರಳಿ ಬರಲಿ, ಅವನು ಬೆಸೆದ ಸ್ಟ್ಯಾಂಡಿನ ಮೇಲೆ ಯಾರದೋ ಮನೆಯ ಹಂಡೆ ಕೂರುತ್ತದೆ; ಅದರ ಮುಂದೆ ಯಾರದೋ ಮಗ ಬೆಂಕಿ ಮಾಡುತ್ತಾನೆ. ಪ್ರವೇಶದ ಅರ್ಜಿ ತುಂಬಲು ನೆರವು ಬೇಕಾದವರು ಅಂಕಪಟ್ಟಿಯೊಡನೆ ಸಂಘದ ಕಚೇರಿಗೆ ಬರಬಹುದು.

— ಕಾರ್ಯದರ್ಶಿ