ಒಬ್ಬ ಗವರ್ನರ್, ಎರಡು ನೆನಪು

ಪುಣೆಯ ನನ್ನ ಮರಾಠಿ ಸಹೋದ್ಯೋಗಿಗಳಿಗೆ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಎಂದರೆ ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜು. ಧಾರವಾಡ ಕಡೆಯವನಾದ ನನಗೆ ಆ ಹೆಸರು ನೆನಪಿಸುವುದು ಕಿತ್ತೂರನ್ನು.

ಹದಿಹರೆಯದಲ್ಲೇ ಈಸ್ಟ್ ಇಂಡಿಯಾ ಕಂಪನಿಯ ನೌಕರಿಗೆ ಬಂದ ಈ ಸ್ಕಾಟ್ಲೆಂಡಿನವನು 1811ರಲ್ಲಿ ಪೇಶ್ವೆ ದರ್ಬಾರಿನ ರೆಸಿಡೆಂಟ್ ಆದ. ಮುಳಾ–ಮುಠಾ ಸಂಗಮದ ಬಳಿ ಆತನ ಬಂಗಲೆ. 1817ರ ನವೆಂಬರ್ 5ರಂದು ಖಡಕಿ ಕಾಳಗದ ಹೊತ್ತಿಗೆ ಪೇಶ್ವೆಯ ಕಡೆಯವರು ಅದಕ್ಕೆ ಬೆಂಕಿಯಿಟ್ಟರು. ಆತನ ಪುಸ್ತಕ ಭಂಡಾರವೂ ಸುಟ್ಟುಹೋಯಿತು. ಪೇಶ್ವಾಯಿ ಮುಗಿದ ಮೇಲೆ ಗೆದ್ದ ಸೀಮೆಗೆ ಆತನೇ ಕಮಿಷನರ್. 1819ರಿಂದ 1827ರವರೆಗೆ ಮುಂಬೈ ಗವರ್ನರ್.

ಹಳೆಯ ಪದ್ಧತಿಗಳನ್ನು ಅವಸರದಲ್ಲಿ ಕಿತ್ತುಹಾಕಬಾರದು ಎಂಬುದು ಆತನ ನಿಲುವು. ಪಂಚಾಯ್ತಿ ನ್ಯಾಯವನ್ನು ಉಳಿಸಿಕೊಂಡ. ಪೇಶ್ವೆಯರು ಬ್ರಾಹ್ಮಣರಿಗೆ ಹಂಚುತ್ತಿದ್ದ ದಕ್ಷಿಣೆಯ ಹಣದಲ್ಲಿ 1821ರಲ್ಲಿ ವಿಶ್ರಾಮಬಾಗ್ ವಾಡೆಯಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾಯಿತು. ಇಂದಿನ ಡೆಕ್ಕನ್ ಕಾಲೇಜಿನ ಬೇರು ಅದೇ. 1823ರಲ್ಲಿ, ದೇಶಭಾಷೆಗಳಲ್ಲಿ ಶಾಲೆ, ಪಠ್ಯಪುಸ್ತಕ ಬೇಕೆಂದು ದೀರ್ಘ ಟಿಪ್ಪಣಿ ಬರೆದ.

1824ರಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜ ತೀರಿಕೊಂಡರು. ದತ್ತುಪುತ್ರನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ, ಮುಂಬೈ ಸರ್ಕಾರವೂ ಒಪ್ಪಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ಕಣ್ಮುಚ್ಚಿದರು. ದತ್ತು ಮಗನಿಗೆ ಪಟ್ಟ ಸಿಗುವುದೂ ಈ ನೆಲದ ಹಳೆಯ ಪದ್ಧತಿಯೇ. ಪಂಚಾಯ್ತಿಗೆ ಸಿಕ್ಕ ಮರ್ಯಾದೆ ಅದಕ್ಕೆ ಸಿಗಲಿಲ್ಲ.

ಎಲ್ಫಿನ್‌ಸ್ಟನ್ ಇಂಗ್ಲೆಂಡಿಗೆ ಮರಳಿ, ಗವರ್ನರ್ ಜನರಲ್ ಪದವಿಯನ್ನೂ ಬೇಡವೆಂದ. 1841ರಲ್ಲಿ ಭಾರತದ ಇತಿಹಾಸ ಪ್ರಕಟಿಸಿದ, 1859ರಲ್ಲಿ ತೀರಿಕೊಂಡ. ಓದಿನ ಮನುಷ್ಯ, ಸಂಯಮಿ ಎಂದು ಅವನನ್ನು ಹೊಗಳುವವರ ಜೊತೆ ನನಗೆ ಜಗಳವಿಲ್ಲ. ಕಿತ್ತೂರನ್ನೂ ಅದೇ ಪುಟದಲ್ಲಿ ಬರೆಯಿರಿ ಎಂದಷ್ಟೇ ಹೇಳುತ್ತೇನೆ.

ಹಬ್ಬಕ್ಕೆ ಊರಿಗೆ ಹೋಗುವ ನಮ್ಮ ಬಸ್ಸುಗಳು ಬೆಳಗಾವಿ ದಾಟಿ ಕಿತ್ತೂರಿನ ಪಕ್ಕದಲ್ಲೇ ಸಾಗುತ್ತವೆ. ಆ ಹೊತ್ತಿಗೆ ಬಹುತೇಕ ನಾವೆಲ್ಲ ನಿದ್ದೆಯಲ್ಲಿರುತ್ತೇವೆ. ಒಮ್ಮೆ ಹಗಲು ಬಸ್ಸು ಹಿಡಿದು, ಅಲ್ಲಿಳಿದು, ಪಾಳುಬಿದ್ದ ಆ ಅರಮನೆಯನ್ನು ಮಕ್ಕಳಿಗೆ ತೋರಿಸಿ.