ತೆರೆಯ ಮೇಲಿನ ರಥ

ರಥವನ್ನು ಓಡಿಸುವುದು ಒಂದು ವಿದ್ಯೆ. ರಥವನ್ನು ಓಟಕ್ಕೆ ಅಣಿಗೊಳಿಸುವುದು ಇನ್ನೊಂದು ವಿದ್ಯೆ. ಸಾರಥಿಯ ಹೆಸರು ಕಾವ್ಯಗಳಲ್ಲಿ ಉಳಿಯುತ್ತದೆ. ಅಚ್ಚಿಗೆ ಎಣ್ಣೆಯೆರೆದು ಗಾಲಿಯ ಕೀಲನ್ನು ಬಿಗಿಮಾಡಿದವನ ಹೆಸರು ಉಳಿಯುವುದಿಲ್ಲ. ಆದರೆ ಕೀಲು ಸಡಿಲವಾದ ರಥವನ್ನು ಎಂಥ ನಿಪುಣ ಸಾರಥಿಯೂ ಗುರಿ ಮುಟ್ಟಿಸಲಾರನು. ಈ ಮಾತು ಇಂದಿನ ಮೋಟಾರು ಪಂದ್ಯಗಳಿಗೂ ಸಲ್ಲುತ್ತದೆ. ಅಷ್ಟೇ ಅಲ್ಲ, ತೆರೆಯ ಮೇಲೆ ನಡೆಯುವ ವಿಡಿಯೋ ಆಟದ ಪಂದ್ಯಗಳಿಗೂ ಸಲ್ಲುತ್ತದೆ ಎಂದರೆ ಹಿರಿಯರಿಗೆ ಆಶ್ಚರ್ಯವಾಗಬಹುದು.

ಮೊದಮೊದಲಿನ ಮೋಟಾರು ಪಂದ್ಯದ ಆಟಗಳಲ್ಲಿ ಕಾರು ಒಂದು ಚಿತ್ರ ಮಾತ್ರವಾಗಿತ್ತು. ಗುಂಡಿಯನ್ನು ಒತ್ತಿದರೆ ಅದು ಎಡಕ್ಕೋ ಬಲಕ್ಕೋ ಸರಿಯುತ್ತಿತ್ತು. ಅದಕ್ಕೆ ತೂಕವಿರಲಿಲ್ಲ, ಸ್ಪ್ರಿಂಗುಗಳಿರಲಿಲ್ಲ. 1989ರಲ್ಲಿ ಅಮೆರಿಕದ ಪಪೈರಸ್ ಸಂಸ್ಥೆಯವರು ರಚಿಸಿದ ‘ಇಂಡಿಯಾನಾಪೊಲಿಸ್ 500’ ಎಂಬ ಆಟವು ಬೇರೆಯ ದಾರಿಯನ್ನು ಹಿಡಿಯಿತು. ಓಟಕ್ಕೆ ಮೊದಲೇ ಕಾರಿನ ಹಲವು ಭಾಗಗಳನ್ನು ಹೊಂದಿಸಿಕೊಳ್ಳುವ ಅವಕಾಶವನ್ನು ಅದು ಆಟಗಾರನಿಗೆ ಕೊಟ್ಟಿತು. 1997ರಲ್ಲಿ ಜಪಾನಿನ ಕಜುನೊರಿ ಯಮಾಉಚಿ ಎಂಬುವರ ನೇತೃತ್ವದಲ್ಲಿ ಸಿದ್ಧವಾದ ‘ಗ್ರಾನ್ ಟುರಿಸ್ಮೊ’ ಈ ಅವಕಾಶವನ್ನು ಮನೆಮನೆಗೆ ಒಯ್ದಿತು. ಇಂತಹ ಆಟಗಳಲ್ಲಿ ಕಂಪ್ಯೂಟರು ಪ್ರತಿ ಕ್ಷಣವೂ ನಾಲ್ಕು ಗಾಲಿಗಳ ಮೇಲಿನ ಭಾರವನ್ನೂ, ಅವುಗಳ ಜಾರಿಕೆಯನ್ನೂ ಲೆಕ್ಕಹಾಕುತ್ತದೆ. ತೆರೆಯ ಮೇಲಿನ ಕಾರು ಹೀಗೆ ಭೌತಶಾಸ್ತ್ರದ ನಿಯಮಗಳಿಗೆ ಒಳಪಟ್ಟಿದೆ. ಆದುದರಿಂದ ಅದನ್ನು ಪಳಗಿಸಬೇಕಾದರೆ ಆ ನಿಯಮಗಳನ್ನು ಅರಿಯುವುದು ಅಗತ್ಯ.

ಕಾರಿನ ಒಡಲಿಗೂ ಗಾಲಿಗಳಿಗೂ ನಡುವೆ ಇರುವ ಏರ್ಪಾಡನ್ನು ಸಸ್ಪೆನ್ಷನ್ ಎನ್ನುತ್ತಾರೆ. ಸ್ಪ್ರಿಂಗು ಇದರ ಮುಖ್ಯ ಅಂಗ. ಎಳೆದಷ್ಟೂ ಒತ್ತಿದಷ್ಟೂ ಸ್ಪ್ರಿಂಗಿನ ಪ್ರತಿರೋಧವು ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ವಿವರಿಸಿದನು. ಕಾರಿನ ಸ್ಪ್ರಿಂಗು ಪ್ರಯಾಣಿಕನ ಸುಖಕ್ಕಾಗಿ ಮಾತ್ರ ಇದೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಅದಕ್ಕಿಂತ ದೊಡ್ಡ ಕೆಲಸವೊಂದು ಅದಕ್ಕಿದೆ. ಗಾಲಿಯನ್ನು ನೆಲಕ್ಕೆ ಅಂಟಿಕೊಂಡಿರುವಂತೆ ನೋಡಿಕೊಳ್ಳುವುದೇ ಆ ಕೆಲಸ. ಉಬ್ಬಿನ ಮೇಲೆ ಹಾರಿದ ಗಾಲಿಯು ನೆಲವನ್ನು ಮುಟ್ಟುವವರೆಗೆ ಕಾರನ್ನು ತಿರುಗಿಸಲಾರದು, ನಿಲ್ಲಿಸಲೂ ಆರದು.

ಒತ್ತಿ ಬಿಟ್ಟ ಸ್ಪ್ರಿಂಗು ಒಮ್ಮೆಗೇ ಸುಮ್ಮನಾಗುವುದಿಲ್ಲ. ಮತ್ತೆ ಮತ್ತೆ ಕುಣಿಯುತ್ತದೆ. ಈ ಕುಣಿತವನ್ನು ತಡೆಯಲು ಡ್ಯಾಂಪರು ಇದೆ. ಎಣ್ಣೆ ತುಂಬಿದ ಕೊಳವೆಯೊಂದರಲ್ಲಿ ಆಡುಬೆಣೆ ಚಲಿಸುತ್ತದೆ. ಕಿರಿದಾದ ರಂಧ್ರಗಳಲ್ಲಿ ಎಣ್ಣೆ ನುಸುಳುವಾಗ ಚಲನೆಯ ಶಕ್ತಿಯು ಶಾಖವಾಗಿ ಮಾರ್ಪಡುತ್ತದೆ. ಇವುಗಳ ಜೊತೆಗೆ, ಎಡಗಾಲಿಯನ್ನೂ ಬಲಗಾಲಿಯನ್ನೂ ಜೋಡಿಸುವ ಉಕ್ಕಿನ ಸರಳೊಂದಿದೆ. ಆಂಟಿ-ರೋಲ್ ಬಾರ್ ಎಂಬುದು ಅದರ ಹೆಸರು. ಎರಡು ಗಾಲಿಗಳೂ ಒಟ್ಟಿಗೆ ಏರಿದರೆ ಈ ಸರಳು ಅಡ್ಡಿಮಾಡುವುದಿಲ್ಲ. ತಿರುವಿನಲ್ಲಿ ಕಾರು ಒಂದು ಕಡೆಗೆ ವಾಲಿದಾಗ ಮಾತ್ರ ಅದು ತಿರುಚಿಕೊಂಡು ವಾಲಿಕೆಯನ್ನು ತಡೆಯುತ್ತದೆ.

ಬಸ್ಸು ವೇಗವಾಗಿ ತಿರುಗುವಾಗ ನಮ್ಮ ಮೈ ಹೊರಗಡೆಗೆ ವಾಲುವುದನ್ನು ನೀವೆಲ್ಲರೂ ಬಲ್ಲಿರಿ. ಅದೇ ರೀತಿ ಕಾರಿನ ಭಾರವೂ ಒಳಗಾಲಿಗಳಿಂದ ಹೊರಗಾಲಿಗಳಿಗೆ ವರ್ಗವಾಗುತ್ತದೆ. ಇಲ್ಲಿ ಟೈರಿನ ಒಂದು ವಿಚಿತ್ರ ಗುಣವನ್ನು ಗಮನಿಸಬೇಕು. ಟೈರಿನ ಮೇಲೆ ಭಾರ ಹೆಚ್ಚಿದಂತೆ ನೆಲದ ಮೇಲೆ ಅದರ ಹಿಡಿತವೂ ಹೆಚ್ಚುತ್ತದೆ. ಆದರೆ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. 300 ಕಿಲೋ ಭಾರ ಹೊತ್ತ ಟೈರು 330 ಕಿಲೋದಷ್ಟು ಹಿಡಿತವನ್ನು ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಅಂತಹ ಎರಡು ಟೈರುಗಳ ಒಟ್ಟು ಹಿಡಿತ 660 ಆಯಿತು. ಈಗ ತಿರುವಿನಲ್ಲಿ ಒಂದರ ಭಾರ 450ಕ್ಕೆ ಏರಿ, ಇನ್ನೊಂದರದು 150ಕ್ಕೆ ಇಳಿಯಿತೆನ್ನಿ. ಮೊದಲನೆಯದು 460ರಷ್ಟು, ಎರಡನೆಯದು 175ರಷ್ಟು ಹಿಡಿತ ಕೊಟ್ಟರೆ ಒಟ್ಟು 635 ಮಾತ್ರ. ಭಾರದ ಮೊತ್ತ ಬದಲಾಗಲಿಲ್ಲ, ಹಂಚಿಕೆ ಕೆಟ್ಟಿತು, ಹಿಡಿತ ಕುಗ್ಗಿತು.

ಕಾರನ್ನು ಹೊಂದಿಸುವ ವಿದ್ಯೆಯ ಮರ್ಮವೆಲ್ಲ ಈ ಲೆಕ್ಕದಲ್ಲಿ ಅಡಗಿದೆ. ಒಟ್ಟು ಎಷ್ಟು ಭಾರ ವರ್ಗವಾಗಬೇಕೆಂಬುದನ್ನು ಕಾರಿನ ತೂಕ, ಗುರುತ್ವ ಕೇಂದ್ರದ ಎತ್ತರ, ಗಾಲಿಗಳ ನಡುವಣ ಅಗಲ, ತಿರುವಿನ ವೇಗ ಇವು ನಿರ್ಧರಿಸುತ್ತವೆ. ಸ್ಪ್ರಿಂಗುಗಳೂ ಸರಳುಗಳೂ ಅದನ್ನು ಹೆಚ್ಚಾಗಿ ಕಡಿಮೆ ಮಾಡಲಾರವು. ಆ ವರ್ಗಾವಣೆಯಲ್ಲಿ ಮುಂದಿನ ಗಾಲಿಗಳ ಪಾಲೆಷ್ಟು, ಹಿಂದಿನ ಗಾಲಿಗಳ ಪಾಲೆಷ್ಟು ಎಂಬುದನ್ನು ಮಾತ್ರ ಅವು ತೀರ್ಮಾನಿಸುತ್ತವೆ. ಮುಂದಿನ ಸರಳನ್ನು ಗಡುಸುಮಾಡಿದರೆ ಮುಂಭಾಗವು ಹೆಚ್ಚಿನ ಪಾಲನ್ನು ಹೊರುತ್ತದೆ, ಅಲ್ಲಿಯ ಹಿಡಿತ ಕುಗ್ಗುತ್ತದೆ. ಆಗ ಚಕ್ರವನ್ನು ತಿರುಗಿಸಿದರೂ ಕಾರು ಸಾಕಷ್ಟು ತಿರುಗದೆ ಹೊರಗಡೆಗೆ ಸಾಗುತ್ತದೆ. ಇದು ಅಂಡರ್‌ಸ್ಟಿಯರ್. ಹಿಂಭಾಗವನ್ನು ಗಡುಸುಮಾಡಿದರೆ ಹಿಂದಿನ ಗಾಲಿಗಳು ಮೊದಲು ಜಾರಿ, ಕಾರು ಬೇಕಾದುದಕ್ಕಿಂತ ಹೆಚ್ಚಾಗಿ ತಿರುಗಿಬಿಡುತ್ತದೆ. ಇದು ಓವರ್‌ಸ್ಟಿಯರ್. 1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯಲ್ಲಿದ್ದ ಮಾರಿಸ್ ಆಲಿ ಮೊದಲಾದ ಎಂಜಿನಿಯರರು ಈ ಗುಣಗಳನ್ನು ಕ್ರಮವಾಗಿ ಅಭ್ಯಾಸ ಮಾಡಿದರು. ಅವರು ಕಂಡುಕೊಂಡ ತತ್ತ್ವಗಳೇ ಇಂದು ಮಕ್ಕಳ ಕೈಯೊಳಗಿನ ಆಟದಲ್ಲಿ ಕೆಲಸಮಾಡುತ್ತಿವೆ.

ಹಾಗಾದರೆ ಎಲ್ಲವನ್ನೂ ಮೃದುವಾಗಿ ಇಟ್ಟರಾಗದೆ? ಆಗದು. ಮೃದುವಾದ ಕಾರು ಚಾಲಕನ ಆಜ್ಞೆಗೆ ನಿಧಾನವಾಗಿ ಓಗೊಡುತ್ತದೆ. ಬ್ರೇಕು ಹಾಕಿದಾಗ ಮೂಗನ್ನು ನೆಲಕ್ಕೆ ಚಾಚುತ್ತದೆ. ಎಲ್ಲವನ್ನೂ ಗಡುಸುಮಾಡಿದರೆ ನುಣುಪಾದ ಹಾದಿಯಲ್ಲಿ ಅದು ಚುರುಕಾಗಿರುತ್ತದೆ, ಒರಟು ಹಾದಿಯಲ್ಲಿ ಚೆಂಡಿನಂತೆ ಪುಟಿಯುತ್ತದೆ. ಜರ್ಮನಿಯ ನ್ಯೂರ್‌ಬುರ್ಗ್‌ರಿಂಗಿನಲ್ಲಿ 1927ರಲ್ಲಿ ಆರಂಭವಾದ ಹಳೆಯ ಪಂದ್ಯದ ಹಾದಿಯೊಂದಿದೆ. ಕಾಡುಬೆಟ್ಟಗಳ ನಡುವೆ ಸುಮಾರು 20.8 ಕಿಲೋಮೀಟರು ಸುತ್ತಿಬರುವ ಅದರ ಏರಿಳಿತ ಸುಮಾರು 300 ಮೀಟರು. 2004ರಲ್ಲಿ ಬಂದ ‘ಗ್ರಾನ್ ಟುರಿಸ್ಮೊ 4’ರಲ್ಲಿ ಈ ಹಾದಿಯನ್ನು ಸೇರಿಸಲಾಯಿತು. ಸಮತಟ್ಟಾದ ಹಾದಿಯಲ್ಲಿ ಗೆದ್ದ ಗಡುಸು ಕಾರನ್ನು ಅಲ್ಲಿಗೆ ಒಯ್ದ ಆಟಗಾರನು, ದಿಬ್ಬದ ನೆತ್ತಿಯಲ್ಲಿ ಗಾಲಿಗಳು ನೆಲ ಬಿಡುವುದನ್ನು ಕಂಡು ಪಾಠ ಕಲಿಯುತ್ತಾನೆ. ಒಂದು ಊರಿನ ಜಾಣ್ಮೆ ಇನ್ನೊಂದು ಊರಿನಲ್ಲಿ ಸಲ್ಲದು.

ಉಳಿದ ಹೊಂದಾಣಿಕೆಗಳೂ ಇಂಥವೇ. ಕಾರನ್ನು ತಗ್ಗಿಸಿದರೆ ಗುರುತ್ವ ಕೇಂದ್ರ ಇಳಿದು ವಾಲಿಕೆ ಕಡಿಮೆಯಾಗುತ್ತದೆ. ಬಹಳ ತಗ್ಗಿಸಿದರೆ ತಳ ನೆಲಕ್ಕೆ ಬಡಿಯುತ್ತದೆ. ಗಾಲಿಯ ಮೇಲ್ತುದಿಯನ್ನು ಒಳಕ್ಕೆ ಓರೆಮಾಡುವುದನ್ನು ನೆಗೆಟಿವ್ ಕ್ಯಾಂಬರ್ ಎನ್ನುತ್ತಾರೆ. ತಿರುವಿನಲ್ಲಿ ಕಾರು ವಾಲಿದಾಗ ಅಂತಹ ಹೊರಗಾಲಿಯು ನೆಟ್ಟಗಾಗಿ ಟೈರಿನ ಪೂರ್ಣ ಅಗಲ ನೆಲಕ್ಕೆ ತಾಗುತ್ತದೆ. ಆದರೆ ಓರೆ ಮಿತಿಮೀರಿದರೆ ನೇರ ಹಾದಿಯಲ್ಲಿ ಒಳ ಅಂಚು ಮಾತ್ರ ತಾಗುವುದರಿಂದ ಬ್ರೇಕಿನ ಬಲ ಕುಂದುತ್ತದೆ. ಒಂದನ್ನು ಪಡೆಯಬೇಕಾದರೆ ಇನ್ನೊಂದನ್ನು ತೆರಬೇಕು. ಕೇವಲ ಲಾಭವನ್ನೇ ಕೊಡುವ ಬದಲಾವಣೆ ಇಲ್ಲಿ ಬಲು ಅಪರೂಪ.

ಇಂತಹ ಹತ್ತಾರು ಬದಲಾವಣೆಗಳನ್ನು ಒಮ್ಮೆಗೇ ಮಾಡಿದವನು ಕಾರು ಏಕೆ ಸುಧಾರಿಸಿತು, ಏಕೆ ಕೆಟ್ಟಿತು ಎಂಬುದನ್ನು ಎಂದಿಗೂ ಅರಿಯಲಾರನು. ಬಲ್ಲವನು ಮೊದಲು ಏನನ್ನೂ ಮುಟ್ಟದೆ ಕೆಲವು ಸುತ್ತು ಓಡಿಸಿ ತಗುಲಿದ ಸಮಯವನ್ನು ಬರೆದುಕೊಳ್ಳುತ್ತಾನೆ. ಕಾರು ಜಾರುವುದು ತಿರುವಿನ ಆರಂಭದಲ್ಲೋ, ನಡುವಿನಲ್ಲೋ, ಕೊನೆಯಲ್ಲೋ ಎಂದು ನೋಡುತ್ತಾನೆ. ಬಳಿಕ ಒಂದೇ ಒಂದನ್ನು ಬದಲಿಸಿ ಮತ್ತೆ ಓಡಿಸುತ್ತಾನೆ. ಶಾಲೆಯ ಪ್ರಯೋಗಶಾಲೆಯಲ್ಲಿ ಲೋಲಕದ ಉದ್ದವನ್ನು ಮಾತ್ರ ಬದಲಿಸಿ ಅದರ ಆಂದೋಲನವನ್ನು ಎಣಿಸುವ ವಿದ್ಯಾರ್ಥಿಯ ಕ್ರಮವೂ ಇದೇ ಅಲ್ಲವೆ?

ಈ ವಿದ್ಯೆಯು ತೆರೆಯಲ್ಲೇ ಮುಗಿಯುವುದಿಲ್ಲ. 2008ರಲ್ಲಿ ನಿಸಾನ್ ಮತ್ತು ಪ್ಲೇಸ್ಟೇಷನ್ ಸಂಸ್ಥೆಗಳು ಕೂಡಿ ಆಟಗಾರರೊಳಗಿಂದ ನಿಜವಾದ ಚಾಲಕರನ್ನು ಆರಿಸುವ ಸ್ಪರ್ಧೆಯನ್ನು ಏರ್ಪಡಿಸಿದವು. ಅದರಲ್ಲಿ ಗೆದ್ದ ಸ್ಪೇನ್ ದೇಶದ ಲೂಕಾಸ್ ಒರ್ಡೊನೆಸ್, ಫ್ರಾನ್ಸಿನ ಲ ಮಾನ್‌ನಲ್ಲಿ 2011ರಲ್ಲಿ ನಡೆದ 24 ಗಂಟೆಗಳ ಪಂದ್ಯದಲ್ಲಿ ತಮ್ಮ ತಂಡದೊಡನೆ ತಮ್ಮ ವರ್ಗದ ಎರಡನೆಯ ಸ್ಥಾನವನ್ನು ಪಡೆದರು. ಆದರೆ ಅವರು ಆಟದ ಕುರ್ಚಿಯಿಂದ ನೇರವಾಗಿ ಪಂದ್ಯದ ಕಾರಿಗೆ ಏರಲಿಲ್ಲವೆಂಬುದನ್ನು ಮರೆಯಬಾರದು. ನಡುವೆ ಕಠಿಣವಾದ ತರಬೇತಿಯಿತ್ತು. ತೆರೆಯ ಮೇಲೆ ಕಾರು ಉರುಳಿದರೆ ಗುಂಡಿಯನ್ನೊತ್ತಿ ಮತ್ತೆ ಹೊರಡಬಹುದು. ರಸ್ತೆಯು ಅಂತಹ ಎರಡನೆಯ ಅವಕಾಶವನ್ನು ಕೊಡುವುದಿಲ್ಲ. ಅಲ್ಲಿ ಮಗುವಿನ ಕೈಹಿಡಿದು ದಾಟುವ ತಾಯಿಯಿದ್ದಾಳೆ, ಸೈಕಲ್ಲಿನ ಮೇಲೆ ಮನೆಗೆ ಮರಳುವ ಕೂಲಿಕಾರನಿದ್ದಾನೆ.

ಟೈರಿನ ಹಿಡಿತಕ್ಕೆ ಒಂದು ಎಲ್ಲೆಯಿದೆ. ಎಂಥ ಸ್ಪ್ರಿಂಗೂ ಎಂಥ ಸರಳೂ ಅದನ್ನು ಅಳಿಸಿಹಾಕಲಾರವು. ಆಟವು ಆ ಎಲ್ಲೆಯನ್ನು ಯಾರಿಗೂ ನೋವಾಗದಂತೆ ತೋರಿಸಿಕೊಡುತ್ತದೆ. ಅದನ್ನು ಕಂಡವನು ರಸ್ತೆಯಲ್ಲಿ ಅದರಿಂದ ಬಹುದೂರದಲ್ಲೇ ಉಳಿಯಬಲ್ಲನಾದರೆ, ಆಟದಲ್ಲಿ ಕಳೆದ ಹೊತ್ತು ವ್ಯರ್ಥವಾಯಿತೆಂದು ಹೇಳಲಾಗದು.